ಹಳ್ಳಿಯ ಹಾಡಿಗೆ ಹೊಸ ವಾದ್ಯ

ಹೊನ್ನಾವರದಲ್ಲಿ ಮಳೆ ಹಿಡಿಯಿತೆಂದರೆ ಸಂಜೆಯ ಹೊತ್ತನ್ನು ಮನೆಯೊಳಗೇ ಕಳೆಯಬೇಕಷ್ಟೆ. ಅಂಥದೊಂದು ಸಂಜೆ, ನನ್ನಲ್ಲಿ ಕಲಿತುಹೋದ ಕುಮಟಾ ಕಡೆಯ ಹಾಲಕ್ಕಿ ಹುಡುಗನೊಬ್ಬ ಬಂದು, "ಸರ್, ಇದನ್ನೊಮ್ಮೆ ಕೇಳಿ" ಎಂದು ಅಮೆರಿಕದ 'ಕಂಟ್ರಿ ರಾಕ್' ಹಾಡೊಂದನ್ನು ಹಾಕಿದ. ಷಟ್ಪದಿ, ರಗಳೆಗಳಲ್ಲಿ ಪಳಗಿದ ಕಿವಿ ನನ್ನದು. "ಇದೆಂಥ ಗಲಾಟೆ ತಮಾ, ನಿಲ್ಲಿಸು" ಎಂದುಬಿಟ್ಟೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಸಲುವಾಗಿಯೇ, ವಾಚಕರೇ, ಈ ನಾಲ್ಕು ಮಾತು.

ಕಂಟ್ರಿ ರಾಕ್ ಎಂದರೇನು? ಅಮೆರಿಕದ ಹಳ್ಳಿಗಾಡಿನಲ್ಲಿ ಪಿಟೀಲು, ಬ್ಯಾಂಜೋಗಳೊಡನೆ ಹಾಡುತ್ತಿದ್ದ ಹಾಡುಗಳುಂಟು. ಅಲ್ಲಿಯ ನ್ಯಾಶ್‌ವಿಲ್ ನಗರದಿಂದ 1925ರಲ್ಲಿ ಆರಂಭವಾದ 'ಗ್ರ್ಯಾಂಡ್ ಓಲ್ ಆಪ್ರಿ' ಎಂಬ ರೇಡಿಯೋ ಕಾರ್ಯಕ್ರಮ ಅವನ್ನು ಮನೆಮನೆಗೆ ಮುಟ್ಟಿಸಿತು. ಪಟ್ಟಣದ ತರುಣರಿಗೋ ವಿದ್ಯುತ್ ಗಿಟಾರು, ಡ್ರಮ್ಮುಗಳ ರಾಕ್ ಸಂಗೀತವೇ ಪ್ರಿಯ. ಈ ಎರಡು ಹೊಳೆಗಳು ಕೂಡಿದ ಸಂಗಮವೇ ಕಂಟ್ರಿ ರಾಕ್.

ಕೂಡಿದ್ದು ಸುಲಭವಾಗಿಯಲ್ಲ. 1968ರ ಮಾರ್ಚಿನಲ್ಲಿ 'ದ ಬರ್ಡ್ಸ್' ತಂಡದ ತರುಣರು ಅದೇ ರೇಡಿಯೋ ವೇದಿಕೆಯನ್ನೇರಿದಾಗ ಸಭಿಕರು ಹೀಗಳೆದರು. ನಾನು ಹುಡುಗನಿಗೆ ಹೇಳಿದ್ದೂ ಅದೇ ಬಗೆಯ ಮಾತಲ್ಲವೆ? ಆ ವರ್ಷವೇ ಹೊರಬಂದ ಅವರ 'ಸ್ವೀಟ್‌ಹಾರ್ಟ್ ಆಫ್ ದ ರೋಡಿಯೋ' ಆಲ್ಬಮನ್ನು ಮೊದಲು ಕೇಳಿರಿ. ಆ ತಂಡದಲ್ಲಿದ್ದ ಗ್ರ್ಯಾಮ್ ಪಾರ್ಸನ್ಸ್ ಮರುವರ್ಷ ಬೇರೊಂದು ತಂಡದೊಡನೆ 'ದ ಗಿಲ್ಡೆಡ್ ಪ್ಯಾಲೆಸ್ ಆಫ್ ಸಿನ್' ಹೊರತಂದರು, ಅದು ಎರಡನೆಯದು. ಇದರಲ್ಲಿ ಪೆಡಲ್ ಸ್ಟೀಲ್ ಗಿಟಾರಿನ ಕಡೆಗೆ ಕಿವಿಗೊಡಿರಿ. ತಂತಿಯ ಮೇಲೆ ಉಕ್ಕಿನ ತುಂಡನ್ನು ಜಾರಿಸಿ, ಕಾಲಿನಿಂದ ಪೆಡಲ್ ಒತ್ತಿ ಸ್ವರವನ್ನು ಏರಿಳಿಸುತ್ತಾರೆ. ಹಳೆಯ ಚಿತ್ರಗೀತೆಗಳಲ್ಲಿ ಹವಾಯಿಯನ್ ಗಿಟಾರು ಕೇಳಿದವರಿಗೆ ಆ ಜಾರುನಾದ ತೀರ ಅಪರಿಚಿತವೆನಿಸದು.

ಇನ್ನು ನಮ್ಮ ಮನೆಗೆ ಬರೋಣ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು 2008ರ ತಮ್ಮ ಮೊದಲ ಆಲ್ಬಮಿನಲ್ಲಿ ಶಿಶುನಾಳ ಶರೀಫರ (1819-1889) ಗುಡುಗುಡಿಯ ಪದವನ್ನು ಗಿಟಾರು, ಡ್ರಮ್ಮುಗಳೊಡನೆ ಹಾಡಿದರು. 2013ರ 'ಜಗ್ ಚಂಗಾ'ದಲ್ಲಿ 'ಲೋಕದ ಕಾಳಜಿ' ಬಂತು. ಇದೇ ಶರೀಫರ ಪದಗಳನ್ನು ಸಿ. ಅಶ್ವತ್ಥರ ಕಂಠದಲ್ಲಿ ಕೇಳಿ, ಆಮೇಲೆ ಇವನ್ನು ಕೇಳಿರಿ. ವಾದ್ಯ ಬೇರೆಯಾದರೂ ಮಾತು ಉಳಿದಿದೆಯೆ? ಕನ್ನಡದ ಅಕ್ಷರಗಳು ಡೋಲಿನ ಸದ್ದಿನೊಳಗೆ ಮುಳುಗದೆ ಕಿವಿಗೆ ಬೀಳುತ್ತವೆಯೆ? ನನ್ನ ಒರೆಗಲ್ಲು ಇದೊಂದೇ. ಮಾತು ಕೇಳಿಸಿದರೆ ಹೊಸ ವಾದ್ಯ ಹಾಡಿಗೆ ಉಡುಗೆ, ಕೇಳಿಸದಿದ್ದರೆ ಮುಸುಕು.

ಇಷ್ಟನ್ನೂ ಆ ಹುಡುಗನೊಡನೆ ಕುಳಿತೇ ಕೇಳಿದೆ. ಕೊನೆಗೆ, "ನಿಮ್ಮ ಮನೆಯ ಹಾಡು ಹೇಳು ನೋಡೋಣ" ಎಂದೆ. ಅವನು ತಲೆ ತಗ್ಗಿಸಿದ. ಮಣ್ಣಿನ ಗಡಿಗೆಗೆ ಚರ್ಮ ಬಿಗಿದ ಅಜ್ಜನ ಗುಮಟೆ ಗೋಡೆಯಲ್ಲಿ ತೂಗುತ್ತಿದೆಯಂತೆ. ಸುಗ್ಗಿಯ ಪದ ಮನೆಯಲ್ಲಿ ಈಗ ಯಾರಿಗೂ ಬಾರದಂತೆ. ಅಜ್ಜಿಗೆ ಮಾತ್ರ ನಾಟಿಯ ಹಾಡು ಇನ್ನೂ ನೆನಪಿದೆ.

ಪಕ್ಕದ ಅಂಕೋಲೆಯ ಸುಕ್ರಿ ಬೊಮ್ಮಗೌಡರು ನೂರಾರು ಹಾಡುಗಳನ್ನು ಕಂಠದಲ್ಲೇ ಇಟ್ಟುಕೊಂಡಿದ್ದರು. 2017ರಲ್ಲಿ ಪದ್ಮಶ್ರೀ ಪಡೆದ ಅವರು 2025ರಲ್ಲಿ ತೀರಿಕೊಂಡರು. ಹೇಳುವವರು ಹೋದ ಮೇಲೆ, ಯಾರೂ ಕಲಿಯದೆ ಬಿಟ್ಟ ಹಾಡನ್ನು ಯಾವ ಗಿಟಾರೂ ತಂದುಕೊಡಲಾರದು. ಗ್ರ್ಯಾಮ್ ಪಾರ್ಸನ್ಸ್‌ಗೆ ಹಳ್ಳಿಯ ಹಾಡು ಸಿಕ್ಕಿದ್ದು, ಅದಕ್ಕೆ ಮೊದಲು ಯಾರೋ ಅದನ್ನು ಹಾಡಿ, ಮುದ್ರಿಸಿ, ಬಿತ್ತರಿಸಿದ್ದರಿಂದಲೇ.

ಆದ್ದರಿಂದ ವಾಚಕರೇ, ಈ ಆಲ್ಬಮುಗಳನ್ನು ಧಾರಾಳವಾಗಿ ಕೇಳಿರಿ. ಕೇಳಿದ ಮೇಲೆ ಮನೆಯ ಹಿರಿಯರೆದುರು ಕುಳಿತು, ಕೈಯಲ್ಲಿರುವ ಫೋನಿನಲ್ಲೇ ಅವರದೊಂದು ಹಾಡನ್ನು ಮುದ್ರಿಸಿಕೊಳ್ಳಿರಿ. ನನ್ನ ಶಿಷ್ಯ ಕಳೆದ ವಾರ ಅಜ್ಜಿಯ ಎರಡು ಹಾಡು ತಂದಿದ್ದ. ಈ ಸಲ ನಾನು ನಿಲ್ಲಿಸು ಎನ್ನಲಿಲ್ಲ.