ದಿವಾನ ಮಂಚ: ಕೊಳ್ಳುವ ಮುನ್ನ ಅಡಿಭಾಗ ನೋಡಿ

ಪುತ್ತೂರು ತಾಲೂಕಿನ ಕೆದಂಬಾಡಿಯಂಥ ಊರಿನಲ್ಲಿ ಮನೆ ಕಟ್ಟಿಸಿದವರು ಚಾವಡಿಗೆ ಸೋಫಾ ತರುವುದೋ ದಿವಾನ ಮಾಡಿಸುವುದೋ ಎಂದು ಯೋಚಿಸುತ್ತಾರೆ. ದಿವಾನವೆಂದರೆ ತಲೆಹಲಗೆ ಇಲ್ಲದ, ಗೋಡೆಯ ಬದಿಗಿಡುವ ತಗ್ಗಿನ ಮಂಚ. ಹಗಲಿಗೆ ಕೂರಲು, ರಾತ್ರಿಗೆ ಮಲಗಲು. ಅಂಗಡಿಯಲ್ಲಿ ಅದರ ಹೊದಿಕೆ, ಪಾಲಿಶ್ ಮೊದಲು ಕಣ್ಣಿಗೆ ಬೀಳುತ್ತವೆ. ಆದರೆ ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ ಸುರಿಯುವ ಈ ಸೀಮೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಬೇರೆ: ಮಂಚದ ಅಡಿಯಲ್ಲಿ ಗಾಳಿ ಆಡುತ್ತದೆಯೇ?

ಅನುಕೂಲಗಳು

ಒಬ್ಬರು ಮಲಗುವ ದಿವಾನ ಸಾಮಾನ್ಯವಾಗಿ 6 ಅಡಿ ಉದ್ದ, 3 ಅಡಿ ಅಗಲ. ಅಷ್ಟೇ ಜಾಗದಲ್ಲಿ ಹಗಲು ಮೂವರು ಕೂರಬಹುದು. ಏಪ್ರಿಲ್ ತಿಂಗಳ ಪುತ್ತೂರು ಜಾತ್ರೆಗೋ ಮದುವೆಗೋ ನೆಂಟರು ಬಂದು ಉಳಿದರೆ ಹಾಸಿಗೆಯೊಂದು ಸಿದ್ಧವಿರುತ್ತದೆ. ಪ್ರಾಯವಾದವರಿಗಂತೂ ಇದು ದೊಡ್ಡ ಉಪಕಾರ. ಮಧ್ಯಾಹ್ನ ಬೆನ್ನು ಚಾಚಲು ಒಳಕೋಣೆಗೆ ಹೋಗಿ ಒಂಟಿಯಾಗಬೇಕಿಲ್ಲ. ಚಾವಡಿಯಲ್ಲೇ ಮಲಗಿ ಬಂದವರನ್ನು ಮಾತನಾಡಿಸಬಹುದು, ಮಕ್ಕಳ ಆಟ ನೋಡಬಹುದು.

ಇದರ ರಚನೆಯೂ ಸರಳ. ಕೆತ್ತನೆ, ಬಾಗುಗಳು ಬೇಕಿಲ್ಲದ್ದರಿಂದ ಮನೆಯದೇ ಹಲಸಿನ ಮರವಿದ್ದರೆ ಊರಿನ ಆಚಾರಿಯಿಂದಲೇ ಮಾಡಿಸಿಕೊಳ್ಳಬಹುದು. ಕಾಲು ಸಡಿಲವಾದರೆ, ಹಲಗೆ ಮುರಿದರೆ ಅವರೇ ಬಂದು ಸರಿಮಾಡುತ್ತಾರೆ.

ತೊಡಕುಗಳು

ಮೊದಲನೆಯದು ಕೂರುವ ಸುಖ. ಕುರ್ಚಿಯ ಆಸನ ಮುಂದಿನಿಂದ ಹಿಂದಕ್ಕೆ 18 ಇಂಚಿನಷ್ಟಿದ್ದರೆ ದಿವಾನದ್ದು ಅದರ ಇಮ್ಮಡಿ. ಬೆನ್ನು ಗೋಡೆಗೆ ತಾಗುವಂತೆ ಕೂತರೆ ಕಾಲು ಮೇಲೆ ಬರುತ್ತದೆ. ಕಾಲು ನೆಲಕ್ಕೆ ಊರಿದರೆ ಬೆನ್ನಿಗೆ ಆಸರೆಯಿಲ್ಲ. ದಪ್ಪನೆಯ ಲೋಡುಗಳಿಲ್ಲದೆ ಹೆಚ್ಚು ಹೊತ್ತು ಕೂರುವುದು ಕಷ್ಟ.

ಎರಡನೆಯದು ಎತ್ತರ. ಮಂಡಿನೋವಿರುವವರಿಗೆ ತಗ್ಗಿನ ದಿವಾನದಿಂದ ಏಳುವುದೇ ಶಿಕ್ಷೆ. ಹಾಸಿಗೆಯೂ ಸೇರಿ 17-18 ಇಂಚು ಎತ್ತರವಿರಲಿ. ಕೂತಾಗ ಪಾದ ಪೂರ್ತಿ ನೆಲಕ್ಕೂರಬೇಕು, ಮಂಡಿ ಸೊಂಟಕ್ಕಿಂತ ಮೇಲೇರಬಾರದು. ಅದನ್ನು ಬಳಸುವ ಹಿರಿಯರನ್ನೇ ಕೂರಿಸಿ ನೋಡಿದ ಮೇಲೆ ಅಳತೆ ಕೊಡಿ.

ಮೂರನೆಯದೇ ಇಲ್ಲಿನ ಮುಖ್ಯ ಸಂಗತಿ: ಪೆಟ್ಟಿಗೆ ದಿವಾನ. ಕಂಬಳಿ, ಹೆಚ್ಚುವರಿ ದಿಂಬು ತುಂಬಿಡಲು ಅಡಿಯಲ್ಲಿ ಜಾಗ ಸಿಗುತ್ತದೆ ಎಂಬುದು ಅದರ ಆಕರ್ಷಣೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಜಾಗವೇ ತೊಂದರೆಯ ಮೂಲ. ಸರಿಯಾಗಿ ಒಣಗದೆ ಗೋಣಿ ಸೇರಿದ ಅಡಿಕೆಗೆ ಬೂಷ್ಟು ಹಿಡಿಯುವಂತೆ, ಮುಚ್ಚಿದ ಪೆಟ್ಟಿಗೆಯ ಬಟ್ಟೆಗೂ ಹಿಡಿಯುತ್ತದೆ. ಮೇಲಿನ ಹಾಸಿಗೆಯೂ ಕ್ಷೇಮವಲ್ಲ. ಮೈಯ ಬೆವರು ಹಾಸಿಗೆಯೊಳಕ್ಕೆ ಇಳಿಯುತ್ತದೆ. ಕೆಳಗೆ ಇಡಿಯ ಹಲಗೆಯಿದ್ದರೆ ಆ ತೇವ ಹೊರಹೋಗಲು ದಾರಿಯಿಲ್ಲ. ತೇವದ ಹಾಸಿಗೆಯಲ್ಲಿ ಕಣ್ಣಿಗೆ ಕಾಣದ ಧೂಳುನುಸಿಗಳು ಹೆಚ್ಚುತ್ತವೆ. ಅವು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿ ಬದುಕುತ್ತವೆ. ಅಸ್ತಮಾ, ಅಲರ್ಜಿ ಇರುವವರ ಸೀನು, ಉಬ್ಬಸಕ್ಕೆ ಅವು ದೊಡ್ಡ ಕಾರಣ.

ನೆಲಕ್ಕೆ ಅಂಟಿಕೊಂಡ ಪೆಟ್ಟಿಗೆಯ ಅಡಿ ಗುಡಿಸಲಾಗದು. ಒರಲೆ ನೆಲದ ಬಿರುಕಿನಿಂದ ಮಣ್ಣಿನ ಗೂಡು ಕಟ್ಟಿಕೊಂಡು ಹತ್ತಿದರೂ ಗೊತ್ತಾಗದು. ಭಾರವೂ ಹೆಚ್ಚು: 8×4 ಅಡಿಯ, 18 ಮಿ.ಮೀ. ದಪ್ಪದ ಒಂದು ಪ್ಲೈವುಡ್ ಹಲಗೆಯೇ ಸುಮಾರು 30 ಕಿಲೋ. ಹಾಗಾಗಿ ಮಂಚ ಸರಿಸಿ ನೋಡುವ ಗೋಜಿಗೆ ಯಾರೂ ಹೋಗುವುದಿಲ್ಲ. ಮುಚ್ಚಳ ಎತ್ತುವ ಮಾದರಿಯಲ್ಲಿ ಪುಟ್ಟ ಮಕ್ಕಳು ಒಳಗೆ ಅಡಗಿ ಸಿಕ್ಕಿಬೀಳುವ ಅಪಾಯವಿದೆ. ಮಕ್ಕಳಿರುವ ಮನೆಗೆ ಡ್ರಾಯರ್ ಇರುವುದೇ ಲೇಸು.

ಯಾವ ಮರ?

ಹಲಸು, ಹೆಬ್ಬಲಸು, ಸಾಗುವಾನಿಯ ಚೇಗು ಬಾಳಿಕೆ ಬರುತ್ತದೆ. ಅದೇ ಮರದ ಹೊರಗಿನ ಬಿಳಿಯ ಭಾಗಕ್ಕೆ ಹುಳ ಬೇಗ ಬೀಳುತ್ತದೆ. ಪುತ್ತೂರು, ಸುಳ್ಯ, ಕಡಬದ ತೋಟಗಳಲ್ಲಿ ರಬ್ಬರ್ ಮರ ಸಾಕಷ್ಟಿದೆ. ಸುಮಾರು 25-30 ವರ್ಷ ಹಾಲು ಕೊಟ್ಟ ಮರವನ್ನು ಕಡಿಯುತ್ತಾರೆ. ಅದರಲ್ಲಿ ಪಿಷ್ಟ ಹೆಚ್ಚಿರುವುದರಿಂದ ಕಡಿದ ಕೆಲವೇ ದಿನಗಳಲ್ಲಿ ಬೂಷ್ಟು, ಕುಟ್ಟೆಹುಳ ಹಿಡಿಯುತ್ತವೆ. ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಉಣಿಸಿ ಒಣಗಿಸಿದ ಹಲಗೆ ಒಳ್ಳೆಯ ಪೀಠೋಪಕರಣವಾಗುತ್ತದೆ. ಆದರೆ ಆ ಔಷಧ ನೀರಿಗೆ ಕರಗಿ ಹೋಗುವಂಥದ್ದು. ಇರಿಚಲು ಹೊಡೆಯುವ ಜಗಲಿಯಲ್ಲಿ ಅಂಥ ದಿವಾನ ಇಡಬೇಡಿ.

ಪ್ಲೈವುಡ್ಡೇ ಆದರೆ ಐಎಸ್ 710 ಮುದ್ರೆಯದನ್ನು ಕೇಳಿ. ಅದರ ಅಂಟನ್ನು 72 ಗಂಟೆ ಕುದಿನೀರಿನಲ್ಲಿ ಪರೀಕ್ಷಿಸುವ ನಿಯಮವಿದೆ. ಮರದ ಹುಡಿಯನ್ನು ಒತ್ತಿ ಮಾಡಿದ ಅಗ್ಗದ ಹಲಗೆ ಅಂಚಿನಿಂದ ನೀರು ಹೀರಿ ಉಬ್ಬುತ್ತದೆ. ಒಮ್ಮೆ ಉಬ್ಬಿದ್ದು ಮತ್ತೆ ಸರಿಯಾಗದು.

ಹಾಗಾದರೆ ಯಾವುದು ಸರಿ?

ಚಾವಡಿ ಚಿಕ್ಕದಾಗಿದ್ದು, ಆಗಾಗ ನೆಂಟರು ಉಳಿಯುವ ಮನೆಗೆ ದಿವಾನ ಒಳ್ಳೆಯ ಆಯ್ಕೆ. ಪೊರಕೆ ಆಡುವಷ್ಟು ಎತ್ತರದ ಕಾಲುಗಳಿರಲಿ, ಇಡೀ ಹಲಗೆಯ ಬದಲು ನಡುವೆ ಸಂದು ಬಿಟ್ಟ ರೀಪುಗಳಿರಲಿ. ಮಳೆಗೆ ಒಡ್ಡಿಕೊಂಡ ಕೆಂಪುಕಲ್ಲಿನ ಗೋಡೆಯಿಂದ ಒಂದು ಗೇಣು ದೂರವಿಡಿ. ಪೆಟ್ಟಿಗೆ ಬೇಕೇಬೇಕೆಂದರೆ ಎರಡು ಬದಿಗೂ ಗಾಳಿಕಿಂಡಿ ಇಡಿಸಿ, ಮಳೆಗಾಲದಲ್ಲಿ ಹತ್ತಿ, ಉಣ್ಣೆಯ ಬಟ್ಟೆ ತುಂಬಬೇಡಿ, ಬಿಸಿಲು ಕಂಡ ದಿನ ಹಾಸಿಗೆಯನ್ನು ಅಂಗಳಕ್ಕೆ ಹಾಕಿ. ದಿನವಿಡೀ ಕೂರುವುದೇ ಹೆಚ್ಚಾದ ಮನೆಗೆ ಬೆನ್ನಿರುವ ಬೆಂಚು, ರಾತ್ರಿಯಿಡೀ ಒಬ್ಬರು ಕಾಯಂ ಮಲಗುವ ಕೋಣೆಗೆ ಕಾಲುಗಳ ಮೇಲೆ ನಿಂತ ಸಾದಾ ಮಂಚ ಮೇಲು.