ಮೊಂತಿ ಹಬ್ಬದ ಊಟಕ್ಕೆ ಜತೆ ಯಾರು?

ಸೆಪ್ಟೆಂಬರ್ 8 ಹತ್ತಿರ ಬಂತೆಂದರೆ ಮಂಗಳೂರಿನ ತರಕಾರಿ ಅಂಗಡಿಯವರಿಗೆ ಬಿಡುವಿಲ್ಲ. ಬೆಂಡೆ, ಹರಿವೆ, ಹೀರೆ, ಅಂಬಟೆ, ಎಲ್ಲಕ್ಕೂ ಗಿರಾಕಿ. ಅಂದು ಕಥೋಲಿಕರ ಮೊಂತಿ ಹಬ್ಬ. ಮರಿಯಮ್ಮನ ಹುಟ್ಟುಹಬ್ಬ, ಜತೆಗೆ ಹೊಸ ಅಕ್ಕಿಯ ಊಟ. ಮೀನಿಲ್ಲದೆ ತುತ್ತು ಇಳಿಯದ ಮನೆಗಳಲ್ಲೂ ಆ ದಿನ ಬರೀ ತರಕಾರಿ.

ಒಂಬತ್ತು ದಿನ ಮಕ್ಕಳು ಮರಿಯಮ್ಮನಿಗೆ ಹೂವು ಹಾಕುತ್ತಾರೆ. ಹಬ್ಬದಂದು ಪಾದ್ರಿಗಳು ತೆನೆ ಆಶೀರ್ವದಿಸಿ ಮನೆಮನೆಗೆ ಹಂಚಿಸುತ್ತಾರೆ. ಮಕ್ಕಳ ಕೈಗೆ ಕಬ್ಬು. ಮನೆಯಲ್ಲಿ ಆ ತೆನೆಯ ಕಾಳು ಸುಲಿದು, ಪುಡಿ ಮಾಡಿ, ಹಾಲಿಗೆ ಬೆರೆಸಿ, ಪ್ರಾರ್ಥನೆ ಮಾಡಿ ಎಲ್ಲರೂ ಒಟ್ಟಿಗೆ ಕುಡಿಯಬೇಕು, ಒಟ್ಟಿಗೆ ಉಣ್ಣಬೇಕು.

ಆದರೆ ಕೂರಲು ಮನೇಲಿ ಜನ ಎಲ್ಲಿ? ಮಕ್ಕಳು ಮುಂಬೈ, ಗಲ್ಫ್ ಅಂತ ಹೋಗಿಯಾಯಿತು. ಎಷ್ಟೋ ಕಡೆ ವಯಸ್ಸಾದ ತಾಯಿ ಒಬ್ಬರೇ, ಬಟ್ಟಲೂ ಒಂದೇ. ದೂರದ ಮಕ್ಕಳಿಗೆ ಕಾಳು ಲಕೋಟೆಯಲ್ಲಿ ಹೋಗುವುದುಂಟು. ಲಕೋಟೆ ಊಟಕ್ಕೆ ಜತೆ ಕೂರುತ್ತದೆಯೇ?

ಇಗರ್ಜಿಯ ಬಳಗಕ್ಕೆ ಪರೀಕ್ಷೆ ಇಲ್ಲೇ. ಯಾರು ಹಾಸಿಗೆ ಹಿಡಿದಿದ್ದಾರೆ ಅಂತ ವಾರ್ಡಿನ ಗುರ್ಕಾರರಿಗೆ ಗೊತ್ತಿರುತ್ತದೆ. ಅಂಥವರ ಮನೆಗೆ ತೆನೆ ಮುಟ್ಟಿಸಿದರೆ ಅರ್ಧ ಕೆಲಸ ಆಯಿತು. ಕೂತು ನಾಲ್ಕು ತುತ್ತು ಜತೆಗೆ ಉಂಡರೆ ಪೂರ್ತಿ. ಚಪ್ಪರ ಕಟ್ಟಲು, ಕುರ್ಚಿ ಹೊರಲು ಜನ ಸಿಗುತ್ತಾರೆ. ಈ ಸೇವೆಗೆ ಫೋಟೋ ಇಲ್ಲ, ಶಾಲು ಹಾರ ಇಲ್ಲ. ಆ ತಾಯಿಯ ಲೆಕ್ಕದಲ್ಲಿ ಮಾತ್ರ ಹಬ್ಬ ಅಂದರೆ ಅದೇ.