ಗುಲಾಮನ ಬಾಯಲ್ಲಿ ನರಿಯ ಮಾತು

‘ಕೈಗೆಟುಕದ ದ್ರಾಕ್ಷಿ ಹುಳಿ’ ಎಂಬ ಮಾತನ್ನು ಕೇಳದವರು ಯಾರಿದ್ದಾರೆ? ನಮ್ಮ ಅಜ್ಜಿಯರು ಗಾದೆಯಂತೆ ಬಳಸುವ ಈ ಮಾತಿನ ಹಿಂದಿರುವ ನರಿ, ಗ್ರೀಸ್ ದೇಶದ ಈಸೋಪನದು.

ಈಸೋಪ ಕ್ರಿ.ಪೂ. 6ನೆಯ ಶತಮಾನದವನು. ಸೇಮೋಸ್ ದ್ವೀಪದಲ್ಲಿ ಇಯಾಡ್ಮನ್ ಎಂಬಾತನ ಗುಲಾಮನಾಗಿದ್ದ, ಡೆಲ್ಫಿಯ ಜನರ ಕೈಯಲ್ಲಿ ಸತ್ತ ಎಂದು ಇತಿಹಾಸಕಾರ ಹೆರೊಡೋಟಸ್ ಹೇಳುತ್ತಾನೆ. ಈಸೋಪ ಬರೆದ ಪುಸ್ತಕ ಯಾವುದೂ ಇಲ್ಲ. ಕಥೆಗಳು ಬಾಯಿಂದ ಬಾಯಿಗೆ ದಾಟಿ ಬಂದವು. ಅವನಿಗಿಂತ ಮೊದಲೇ ಹೆಸಿಯಡ್ ಎಂಬ ಕವಿ, ಗಿಡುಗನ ಉಗುರಿಗೆ ಸಿಕ್ಕಿದ ಹಾಡುಹಕ್ಕಿಯ ಕಥೆ ಹೇಳಿದ್ದ. ಆದರೂ ಕಾಲ ಕಳೆದಂತೆ ಇಂಥ ಕಥೆಗಳೆಲ್ಲ ಈಸೋಪನ ಹೆಸರಿಗೇ ಸೇರಿಕೊಂಡವು.

ಪ್ರಾಣಿಗಳೇ ಏಕೆ ಮಾತಾಡಬೇಕು? ಈ ಕಥೆಗಳನ್ನು ಮುಂದೆ ಲ್ಯಾಟಿನ್ ಪದ್ಯಕ್ಕೆ ತಂದ ಫೀಡ್ರಸ್ ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು. ಗುಲಾಮ ಮನಸ್ಸಿನಲ್ಲಿದ್ದುದನ್ನು ನೇರವಾಗಿ ಹೇಳಿದರೆ ಶಿಕ್ಷೆ. ಆದ್ದರಿಂದ ಅದನ್ನು ತಮಾಷೆಯ ಕಥೆಯೊಳಗೆ ಬಚ್ಚಿಟ್ಟ! ಫೀಡ್ರಸ್ ಕೂಡ ಬಿಡುಗಡೆ ಹೊಂದಿದ ಗುಲಾಮನೇ.

ಮಕ್ಕಳೇ, ಇವು ಮೊದಲು ದೊಡ್ಡವರ ಸಭೆಯಲ್ಲಿ ಕೆಲಸಕ್ಕೆ ಬರುತ್ತಿದ್ದ ಕಥೆಗಳು. ಅರಿಸ್ಟಾಟಲ್ ಒಂದು ಪ್ರಸಂಗ ಬರೆದಿದ್ದಾನೆ. ಸೇಮೋಸ್‌ನಲ್ಲಿ ಒಬ್ಬ ಮುಖಂಡನ ಮೇಲೆ ಮರಣದಂಡನೆಗೆ ಗುರಿಮಾಡುವಂಥ ಆರೋಪ ಬಂದಿತ್ತು. ಅವನ ಪರ ನಿಂತ ಈಸೋಪ ಈ ಕಥೆ ಹೇಳಿದನಂತೆ:

ನರಿಯೊಂದು ಹಳ್ಳದಲ್ಲಿ ಸಿಕ್ಕಿಕೊಂಡಿತ್ತು. ಮೈತುಂಬ ಉಣ್ಣಿಗಳು. ಮುಳ್ಳುಹಂದಿ ಕನಿಕರದಿಂದ, “ಇವನ್ನು ಕಿತ್ತುಹಾಕಲೇ?” ಎಂದಿತು. “ಬೇಡ, ಇವುಗಳ ಹೊಟ್ಟೆ ತುಂಬಿದೆ. ಇವು ಹೋದರೆ ಹಸಿದ ಹೊಸವು ಬಂದು ಉಳಿದ ರಕ್ತವನ್ನೂ ಹೀರುತ್ತವೆ” ಎಂದಿತು ನರಿ.

“ಈ ಮುಖಂಡನೂ ಹಾಗೆಯೇ, ಹಣ ಮಾಡಿಕೊಂಡಾಗಿದೆ” ಎಂದನಂತೆ ಈಸೋಪ. ಎಂಥ ವಕಾಲತ್ತು ನೋಡಿ! ಕಾಪಾಡುತ್ತಲೇ ಕುಟುಕಿದ.

ಈ ಕಥೆಯಲ್ಲೇ ಆ ಶೈಲಿಯ ಗುಟ್ಟೆಲ್ಲ ಇದೆ. ಪಾತ್ರಗಳು ಎರಡೇ, ಅವಕ್ಕೆ ಹೆಸರಿಲ್ಲ, ಕಾಡಿನ ವರ್ಣನೆಯಿಲ್ಲ. ನರಿ ಎಂದೊಡನೆ ಅದರ ಗುಣ ಎಲ್ಲರಿಗೂ ಗೊತ್ತು. ನಾಲ್ಕಾರು ಸಾಲು, ಕೊನೆಗೊಂದು ಚುರುಕು ಮಾತು. ಮುಗಿಯಿತು.

‘ಇದರ ನೀತಿ’ ಎಂಬ ಸಾಲನ್ನು ಹೆಚ್ಚಾಗಿ ಅಂಟಿಸಿದವರು ಆಮೇಲೆ ಕಥೆಗಳನ್ನು ಒಟ್ಟುಗೂಡಿಸಿದವರು. ಆದ್ದರಿಂದ ನಾನು ಮೊಮ್ಮಕ್ಕಳಿಗೆ ಆ ಸಾಲು ಹೇಳುವುದಿಲ್ಲ. “ಈ ಕಥೆ ಯಾರಿಗೆ ಹೇಳಿದ್ದು?” ಎಂದಷ್ಟೇ ಕೇಳುತ್ತೇನೆ. ಕೆಲವೊಮ್ಮೆ ಅವರ ಬೆರಳು ನನ್ನ ಕಡೆಗೇ ತಿರುಗುತ್ತದೆ. ಈಸೋಪ ಕೇಳಿದ್ದರೆ ನಕ್ಕಿರುತ್ತಿದ್ದ.